ಬಯಲುಸೀಮೆ ಬಿಸಿಲಿಗೆ ಕ್ಯಾಂಪರ್ ವ್ಯಾನ್ ಫ್ರಿಜ್: ಫ್ಯಾನ್ ಹಾಕಿಸೋದೋ, ವೈರ್ ಬದಲಿಸೋದೋ, ಫ್ರಿಜ್ಜನ್ನೇ ಬದಲಿಸೋದೋ?

ಏಪ್ರಿಲ್ ಕೊನೆಯಲ್ಲಿ ಚಿತ್ರದುರ್ಗ, ದಾವಣಗೆರೆ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಹೊರಗೆ 38–40 ಡಿಗ್ರಿ. ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ವ್ಯಾನಿನ ಒಳಗೆ 50 ದಾಟಿದರೂ ಆಶ್ಚರ್ಯವಿಲ್ಲ. ಮಲಗಲು, ಅಡುಗೆಗೆ ಜಾಗ ಮಾಡಿಸಿದ ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರ ಬಾಯಲ್ಲಿ "ಫ್ರಿಜ್ ತಣ್ಣಗೇ ಆಗ್ತಿಲ್ಲ ನೋಡ್ರಿ" ಎಂಬ ಮಾತು ಶುರುವಾಗುವುದೂ ಆಗಲೇ. ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಒಂದೇ: "ಗ್ಯಾಸ್ ಕಮ್ಮಿ ಆಗೇತಿ ಸಾರ್, ತುಂಬಿಸಿಬಿಡೋಣ."

ಫ್ರಿಜ್ಜಿನ ಕೊಳವೆಗಳೊಳಗೆ ಸುತ್ತಿ ತಂಪು ಮಾಡುವ ಆ ಗ್ಯಾಸ್ ಬಹಳ ಸಲ ಸರಿಯಾಗೇ ಇರುತ್ತದೆ. ಫ್ರಿಜ್ ಎಂದರೆ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಯಂತ್ರ. ಹೊರಗೆ ಹಾಕಿದ ಬಿಸಿ ಅಲ್ಲೇ ಹಿಂದುಗಡೆ ಕೂತುಬಿಟ್ಟರೆ ಯಂತ್ರ ಎಷ್ಟು ದುಡಿದರೂ ಅಷ್ಟೇ. ಮನೆಯಲ್ಲಿ ಫ್ರಿಜ್ಜಿನ ಸುತ್ತ ಇಡೀ ಅಡುಗೆಮನೆಯ ಗಾಳಿ ಇರುತ್ತದೆ. ವ್ಯಾನಿನಲ್ಲಿ ಅದನ್ನು ಪ್ಲೈವುಡ್ ಗೂಡಿನೊಳಗೆ ಅಂದವಾಗಿ ಕೂರಿಸಿ, ಸುತ್ತ ಬೀಡಿಂಗ್ ಹೊಡೆದು ಮುಚ್ಚಿರುತ್ತೇವೆ. ಹಾಗಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿ ಹೋಗಲು ದಾರಿ ಮಾಡದೆ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಆಮೇಲಿನ ಆಯ್ಕೆಗಳಲ್ಲಿ ಯಾವುದು ಮೊದಲು, ಯಾವುದು ಬೇಡವೇ ಬೇಡ ಎನ್ನುವುದು ನಿಮ್ಮಲ್ಲಿರುವ ಫ್ರಿಜ್ಜಿನ ಮೇಲೆ ನಿಂತಿದೆ.

ನಿಮ್ಮ ಫ್ರಿಜ್ ಯಾವ ಜಾತಿ?

ಮೂರು ಬಗೆ ಇವೆ. ಮೊದಲನೆಯದು ಕಂಪ್ರೆಸರ್ ಫ್ರಿಜ್. 12 ವೋಲ್ಟ್‌ನಲ್ಲಿ ಓಡುವ ಪುಟ್ಟ ಕಂಪ್ರೆಸರ್ ಇರುತ್ತದೆ, ಓಡುವಾಗ 45–60 ವ್ಯಾಟ್ ತಿನ್ನುತ್ತದೆ, ತಂಪಾದ ಮೇಲೆ ನಿಲ್ಲುತ್ತದೆ. ನಮ್ಮ ಬೇಸಿಗೆಯಲ್ಲೂ ಫ್ರೀಜರ್ ಮಟ್ಟಕ್ಕೆ ಇಳಿಸುವ ತಾಕತ್ತು ಇರುವುದು ಇದಕ್ಕೆ ಮಾತ್ರ.

ಎರಡನೆಯದು ಅಬ್ಸಾರ್ಪ್ಷನ್ ಫ್ರಿಜ್. ಮೋಟರಿಲ್ಲ, ಸದ್ದಿಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ಮೂರನ್ನೂ ಕೊಳವೆಗಳೊಳಗೆ ಮುಚ್ಚಿ, ಕೆಳಗಿನಿಂದ ಕಾಯಿಸಿ ನಡೆಸುವ ಉಪಾಯ. 1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಬಾಲ್ಟ್ಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಟ್ಟಿದ್ದು. ಎಲ್‌ಪಿಜಿ, 12 ವೋಲ್ಟ್, 230 ವೋಲ್ಟ್ ಮೂರರಲ್ಲೂ ನಡೆಯುವುದರಿಂದ 'ತ್ರೀ ವೇ' ಅಂತ ಮಾರುತ್ತಾರೆ. ಜಾಣತನದ ಯಂತ್ರವೇ. ಆದರೆ ಹುಟ್ಟಿದ್ದು ಸ್ವೀಡನ್ನಿನಲ್ಲಿ ಅನ್ನುವುದನ್ನು ಮರೆಯಬಾರದು. ಹೊರಗಿನ ಬಿಸಿಗಿಂತ ಸುಮಾರು 20–25 ಡಿಗ್ರಿ ಕೆಳಗೆ ಇಳಿಸಬಲ್ಲದು, ಅಷ್ಟೇ. ಹೊರಗೆ 25 ಇದ್ದಾಗ ಅದು ಅಮೃತ. 40 ಇದ್ದಾಗ ಒಳಗೆ 15–20. ಆ ತಾಪಮಾನದಲ್ಲಿ ಹಾಲು ಬಹಳ ಹೊತ್ತು ಉಳಿಯುವುದಿಲ್ಲ.

ಮೂರನೆಯದು ಪೆಲ್ಟಿಯರ್, ಕರೆಂಟು ಹರಿದಾಗ ಒಂದು ಮೈ ತಣ್ಣಗಾಗಿ ಇನ್ನೊಂದು ಮೈ ಬಿಸಿಯಾಗುವ ಬಿಲ್ಲೆಯಿಂದ ನಡೆಯುವುದು. ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಹಗುರ ಡಬ್ಬಿ, 'ಕೂಲರ್ ಕಮ್ ವಾರ್ಮರ್' ಅಂತ ಬರೆದಿರುತ್ತದೆ. ಹೊರಗಿಗಿಂತ 15–20 ಡಿಗ್ರಿ ಇಳಿಸಿದರೆ ಅದರ ಪುಣ್ಯ. ತಂಪಾಯಿತು ಅಂತ ನಿಲ್ಲುವ ಅಭ್ಯಾಸವೂ ಇದರಲ್ಲಿ ಬಹಳಷ್ಟಕ್ಕೆ ಇಲ್ಲ. 50 ವ್ಯಾಟ್‌ನಂತೆ ದಿನವಿಡೀ ಓಡಿದರೆ 1200 ವ್ಯಾಟ್-ಅವರ್. ಕಂಪ್ರೆಸರ್ ಫ್ರಿಜ್ ತಿನ್ನುವುದರ ಹೆಚ್ಚುಕಮ್ಮಿ ಎರಡರಷ್ಟು ತಿಂದು ಅರ್ಧ ಕೆಲಸ ಮಾಡುತ್ತದೆ. ಇದು ನಿಮ್ಮಲ್ಲಿದ್ದರೆ ಸುಧಾರಿಸುವ ಗೋಜಿಗೆ ಹೋಗಬೇಡಿ. ನೀರಿನ ಬಾಟಲಿ ಇಡಲು ಇಟ್ಟುಕೊಳ್ಳಿ.

ಹೋಟೆಲ್ ರೂಮಿನ ಮಿನಿ ಬಾರ್ ಫ್ರಿಜ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ, ವ್ಯಾನಿಗೆ ಹೇಳಿ ಮಾಡಿಸಿದ ಅಳತೆಯಂತೆ ಕಾಣುತ್ತವೆ. ಹಿಂದೆ ತಿರುಗಿಸಿ ನೋಡಿ. ಸದ್ದಿರಬಾರದು ಅಂತ ಅವುಗಳಲ್ಲಿ ಹೆಚ್ಚಿನವು ಅಬ್ಸಾರ್ಪ್ಷನ್ ಇಲ್ಲವೇ ಪೆಲ್ಟಿಯರ್. ಏಸಿ ಹಾಕಿದ ರೂಮಿನಲ್ಲಿ ತಣ್ಣಗಿದ್ದದ್ದು ಹಿರಿಯೂರು ಬೈಪಾಸಿನಲ್ಲಿ ಹಾಗಿರುವುದಿಲ್ಲ.

ಫ್ರಿಜ್ಜಿನ ಒಳಗೋ ಹಿಂದೆಯೋ ಅಂಟಿಸಿದ ತಗಡಿನ ಮೇಲೆ 'ಕ್ಲೈಮೇಟ್ ಕ್ಲಾಸ್' ಅಂತ ಒಂದೆರಡು ಅಕ್ಷರ ಇರುತ್ತದೆ. ಎನ್ ಎಂದರೆ 32 ಡಿಗ್ರಿವರೆಗೆ, ಎಸ್‌ಟಿ ಎಂದರೆ 38ರವರೆಗೆ, ಟಿ ಎಂದರೆ 43ರವರೆಗೆ ನಡೆಯುವಂತೆ ಮಾಡಿದ್ದು. ನಮ್ಮ ಎರಡೂ ಜಿಲ್ಲೆಗಳಿಗೆ ಟಿ ಬೇಕು. ಎನ್ ಇರುವ ಫ್ರಿಜ್ ಮೇ ತಿಂಗಳಲ್ಲಿ ಸೋತರೆ ಅದನ್ನು ಬಯ್ಯುವಂತಿಲ್ಲ.

ದುಡ್ಡು ಬಿಚ್ಚುವ ಮೊದಲು ಒಂದು ದಿನ ಅಳೆಯಿರಿ

ಎರಡು ಥರ್ಮಾಮೀಟರ್ ಸಾಕು. ಒಂದನ್ನು ಫ್ರಿಜ್ಜಿನ ನಡುತಟ್ಟೆಯಲ್ಲಿ ಒಂದು ಲೋಟ ನೀರಿನೊಳಗೆ ಇಡಿ. ಗಾಳಿಯಲ್ಲಿ ಇಟ್ಟರೆ ಬಾಗಿಲು ತೆಗೆದಾಗಲೆಲ್ಲ ಲೆಕ್ಕ ತಪ್ಪುತ್ತದೆ. ಇನ್ನೊಂದನ್ನು ಫ್ರಿಜ್ಜಿನ ಹಿಂದೆ, ಗೂಡಿನ ಮೇಲ್ಭಾಗದಲ್ಲಿ ತೂಗುಹಾಕಿ. ವೈರ್ ಇರುವ ಡಿಜಿಟಲ್ ಮೀಟರ್ ಆದರೆ ಗೂಡು ಬಿಚ್ಚುವ ಕೆಲಸವಿಲ್ಲ. ಬೆಳಗಿನ ಜಾವ, ಮಧ್ಯಾಹ್ನ 3 ಗಂಟೆ, ರಾತ್ರಿ ಮಲಗುವ ಮುನ್ನ ಬರೆದಿಟ್ಟುಕೊಳ್ಳಿ.

ಬೆಳಗಿನ ಜಾವ ಒಳಗೆ 4–5 ಡಿಗ್ರಿ ಇದ್ದು ಮಧ್ಯಾಹ್ನ 12–14ಕ್ಕೆ ಏರಿ, ಹಿಂದಿನ ಗೂಡು 50 ತೋರಿಸುತ್ತಿದ್ದರೆ ಕಾಯಿಲೆ ಗಾಳಿಯದು. ಗ್ಯಾಸ್ ತುಂಬಿಸುವವರಿಗೆ ಕೈಮುಗಿದು ಬನ್ನಿ. ಹಗಲು ರಾತ್ರಿ ಎರಡೂ ಹೊತ್ತು ಒಂದೇ ಸಮ ಬೆಚ್ಚಗಿದ್ದರೆ ಬಾಗಿಲ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಬಿಗಿಯಿಲ್ಲದೆ ಜಾರಿ ಬಂದರೆ ಅಲ್ಲಿ ತಂಪು ಸೋರುತ್ತಿದೆ. ರಬ್ಬರ್ ಸರಿಯಿದ್ದರೆ ಆಗ ಗ್ಯಾಸಿನ ಮಾತು. ಮನೆಯ ಕರೆಂಟಿನಲ್ಲಿ ಚೆನ್ನಾಗಿ ನಡೆದು, ವ್ಯಾನಿನ ಬ್ಯಾಟರಿಗೆ ಬಂದಾಗ ಮಾತ್ರ ಕೈಕೊಡುತ್ತಿದ್ದರೆ ತಪ್ಪು ವೈರಿನದು.

ಮೊದಲ ಆಯ್ಕೆ: ಜಾಲಿ ಮತ್ತು ಫ್ಯಾನ್

ಬಿಸಿ ಗಾಳಿ ಮೇಲೇರುತ್ತದೆ, ಹಾಗಾಗಿ ಗೂಡಿಗೆ ಕೆಳಗೊಂದು ಮೇಲೊಂದು ದಾರಿ ಬೇಕು. ಅಬ್ಸಾರ್ಪ್ಷನ್ ಫ್ರಿಜ್ ಆದರೆ ವ್ಯಾನಿನ ಹೊರಮೈಯಲ್ಲೇ ಎರಡು ಜಾಲಿ, ಒಂದೊಂದೂ ಸುಮಾರು 250–300 ಚದರ ಸೆಂಟಿಮೀಟರ್ ಬಯಲಾಗಿರಬೇಕು. ಜಾಲಿಯ ಹಿಂದೆ ಸೊಳ್ಳೆ ಪರದೆ ಹೊಡೆದಿದ್ದರೆ ಆ ಲೆಕ್ಕ ಬಹಳ ಇಳಿಯುತ್ತದೆ. ದೊಡ್ಡ ಕಣ್ಣಿನ ಸ್ಟೀಲ್ ಮೆಶ್ ಹಾಕಿಸಿ.

ಜಾಲಿ ಇದ್ದೂ ಕೆಲಸವಾಗದಿರಲು ಮುಖ್ಯ ಕಾರಣ ಒಂದಿದೆ, ಅದನ್ನು ಬಡಗಿಗಳು ಗಮನಿಸುವುದೇ ಇಲ್ಲ. ಫ್ರಿಜ್ಜಿನ ಬೆನ್ನಿಗೂ ವ್ಯಾನಿನ ಗೋಡೆಗೂ ನಡುವೆ ನಾಲ್ಕೈದು ಇಂಚು ಜಾಗ ಬಿಟ್ಟಿರುತ್ತಾರೆ. ಜಾಸ್ತಿ ಜಾಗ ಒಳ್ಳೆಯದಲ್ಲವೇ ಅಂತ ಅವರ ವಾದ. ಆದರೆ ಕೆಳಗಿಂದ ಬಂದ ಗಾಳಿ ಖಾಲಿ ಜಾಗದಲ್ಲಿ ಸಲೀಸಾಗಿ ಮೇಲೆ ಹೋಗಿಬಿಡುತ್ತದೆ, ಕಂಡೆನ್ಸರ್ ರೆಕ್ಕೆಗಳನ್ನು (ಬಿಸಿ ಹೊರಬಿಡುವ ಕೊಳವೆಗಳ ಮೇಲಿನ ತೆಳು ತಗಡುಗಳು) ಮುಟ್ಟುವುದೇ ಇಲ್ಲ. ರೆಕ್ಕೆಗೂ ಗೋಡೆಗೂ ನಡುವೆ ಒಂದು ಇಂಚಿನೊಳಗೇ ಉಳಿಯುವಂತೆ ಅಲ್ಯೂಮಿನಿಯಂ ತಗಡನ್ನು ಗೋಡೆ ಕಡೆಯಿಂದ ಓರೆಯಾಗಿ ಹಾಕಿಸಿ, ಗಾಳಿ ರೆಕ್ಕೆಗಳ ಮೂಲಕವೇ ಹಾಯಬೇಕು. ಇನ್ನೊಂದು ತಗಡು ಫ್ರಿಜ್ಜಿನ ತಲೆಯಿಂದ ಮೇಲಿನ ಜಾಲಿಯ ಕಡೆಗೆ ಇಳಿಜಾರಾಗಿ ಬರಲಿ, ಇಲ್ಲದಿದ್ದರೆ ಬಿಸಿ ಗಾಳಿ ತಲೆಯ ಮೇಲಿನ ಗೂಡಿನಲ್ಲೇ ಮಡುಗಟ್ಟುತ್ತದೆ. ತಗಡು ಕೆಲಸದವರ ಹತ್ತಿರ ಅರ್ಧ ದಿನದ ಕೆಲಸ. ಗ್ಯಾಸಿನ ಉರಿ, ಹೊಗೆಕೊಳವೆ ಇರುವ ಕಡೆ ಫೋಮು, ಥರ್ಮೋಕೋಲ್ ಬೇಡ, ತಗಡು ಮಾತ್ರ.

ಆಮೇಲೆ ಫ್ಯಾನ್. ಡೆಸ್ಕ್‌ಟಾಪ್ ಕಂಪ್ಯೂಟರಿನ 120 ಮಿ.ಮೀ. ಫ್ಯಾನು 12 ವೋಲ್ಟ್‌ದೇ, ಹಾಗಾಗಿ ನೇರ ಕೂರುತ್ತದೆ. 2–3 ವ್ಯಾಟ್ ತಿನ್ನುತ್ತದೆ, ಬೆಲೆ ಕೆಲವು ನೂರು ರೂಪಾಯಿ. ಎರಡು ಹಾಕಿ. ರೆಕ್ಕೆಗಳ ಕೆಳಗೆ ಕೂರಿಸಿ ಮೇಲಕ್ಕೆ ಊದಿಸಿದರೆ ಫ್ಯಾನಿಗೆ ತಂಪು ಗಾಳಿ ಸಿಗುತ್ತದೆ, ಬಾಳಿಕೆ ಬರುತ್ತದೆ. ಮೇಲಿನ ಜಾಲಿಗೆ ಕೂರಿಸಿ ಹೊರಗೆ ಎಳೆಸಿದರೂ ನಡೆಯುತ್ತದೆ, ಆದರೆ ಬಿಸಿಗೆ ಅದರ ಬೇರಿಂಗ್ ಬೇಗ ಸವೆದು ರಾತ್ರಿ ಕಿರ್ರೆನ್ನುತ್ತದೆ. ಸ್ವಿಚ್ಚು ಹಾಕಿ ಮರೆಯುವ ಬದಲು ಕೆಎಸ್‌ಡಿ 301 ಎಂಬ ಪುಟ್ಟ ಥರ್ಮಲ್ ಸ್ವಿಚ್ಚನ್ನು ರೆಕ್ಕೆಗೆ ತಾಗಿಸಿ ಕೂರಿಸಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯವರಿಗೆ ಹೆಸರು ಹೇಳಿದರೆ ಗೊತ್ತಾಗುತ್ತದೆ. ಬಿಸಿಯಾದಾಗ ಹತ್ತಿಕೊಳ್ಳುವ 'ನಾರ್ಮಲಿ ಓಪನ್' ಬಗೆಯದನ್ನೇ ಕೇಳಿ. 40 ಡಿಗ್ರಿಯದು ನಮ್ಮೂರಲ್ಲಿ ಹಗಲೆಲ್ಲ ಓಡುತ್ತದೆ, 50ರದು ತೆಗೆದುಕೊಳ್ಳಿ.

ಕಂಪ್ರೆಸರ್ ಫ್ರಿಜ್ಜಿಗೆ ಅದರದೇ ಫ್ಯಾನ್ ಇರುತ್ತದೆ. ಅಲ್ಲಿನ ತೊಂದರೆ ಬೇರೆ: ಒಂದು ಕಡೆ ಉಗುಳಿದ ಬಿಸಿ ಗಾಳಿಯನ್ನೇ ಗೂಡಿನೊಳಗೆ ಸುತ್ತಿಸಿ ಇನ್ನೊಂದು ಕಡೆಯಿಂದ ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ಎಳೆಯುವ ಬಾಯಿಗೂ ಉಗುಳುವ ಬಾಯಿಗೂ ನಡುವೆ ಕಿಟಕಿಗೆ ಹಾಕುವ ಫೋಮ್ ಪಟ್ಟಿಯಿಂದ ಅಡ್ಡಗಟ್ಟಿ, ಎಳೆಯುವ ಕಡೆಗೆ ನೆಲಮಟ್ಟದ ಗಾಳಿ ಸಿಗುವಂತೆ ಪ್ಲೈವುಡ್ಡಿನಲ್ಲಿ ಕಿಂಡಿ ಕೊರೆಸಿ. ಇಷ್ಟಕ್ಕೇ ಕಂಪ್ರೆಸರ್ ನಿಂತು ಉಸಿರಾಡಲು ಶುರುಮಾಡುವುದನ್ನು ಕಿವಿಯಿಂದಲೇ ಗುರುತಿಸಬಹುದು.

ನಮ್ಮ ಕಡೆಯ ದೂಳಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ರಸ್ತೆಯುದ್ದಕ್ಕೂ ರಾಶಿ ಹಾಕಿರುತ್ತಾರೆ, ಆ ಹೊಟ್ಟು ಹಾರಿ ಬಂದು ಕಂಡೆನ್ಸರ್ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಪೇಂಟ್ ಬ್ರಷ್ಷಿನಿಂದ ರೆಕ್ಕೆಯ ಉದ್ದಕ್ಕೆ ಕೆಡವಿ. ಸರ್ವಿಸ್ ಸ್ಟೇಷನ್ನಿನ ಏರ್ ಗನ್ ಹತ್ತಿರದಿಂದ ಹಿಡಿದರೆ ರೆಕ್ಕೆ ಮಡಚಿಹೋಗುತ್ತದೆ.

ಗಾಳಿಯದು ಇನ್ನೊಂದು ಗುಣ. ಮುಂಗಾರಿನಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲೆ ಬೀಸುವ ಪಡುವಣ ಗಾಳಿಯನ್ನು ನಂಬಿಯೇ ಜೋಗಿಮಟ್ಟಿ ಸುತ್ತ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು. ಆ ಗಾಳಿ ಜಾಲಿಗೆ ಎದುರಾಗಿ ಹೊಡೆದರೆ ಅಬ್ಸಾರ್ಪ್ಷನ್ ಫ್ರಿಜ್ಜಿನ ಗ್ಯಾಸಿನ ಉರಿ ಆರಿಹೋಗುತ್ತದೆ. ಅಂಥ ದಿನ ಜಾಲಿಯ ಬದಿಯನ್ನು ಪೂರ್ವಕ್ಕೆ ತಿರುಗಿಸಿ ವ್ಯಾನ್ ನಿಲ್ಲಿಸಿ. ಬೇಸಿಗೆಯಲ್ಲೂ ಇದೇ ದಿಕ್ಕು ಒಳ್ಳೆಯದು, ಮಧ್ಯಾಹ್ನ ಇಳಿಬಿಸಿಲು ಆ ಗೋಡೆಗೆ ಬೀಳುವುದಿಲ್ಲ. ವಾಣಿವಿಲಾಸ ಸಾಗರದ ಹತ್ತಿರವೋ ಸೂಳೆಕೆರೆ ದಂಡೆಯಲ್ಲೋ ನಿಲ್ಲಿಸುವಾಗ ಎಲ್ಲರೂ ಕಿಟಕಿಯಿಂದ ನೀರು ಕಾಣುವ ಹಾಗೆ ನಿಲ್ಲಿಸುತ್ತಾರೆ. ಏಪ್ರಿಲ್–ಮೇನಲ್ಲಿ ನೀರು ಕಾಣುವುದಕ್ಕಿಂತ ಫ್ರಿಜ್ಜಿನ ಅನುಕೂಲ ನೋಡಿ ನಿಲ್ಲಿಸಿ.

ಅಬ್ಸಾರ್ಪ್ಷನ್ ಫ್ರಿಜ್ಜಿಗೆ ಮಟ್ಟವೂ ಮುಖ್ಯ. ಒಳಗೆ ದ್ರವ ಇಳಿಯುವುದು ಬರೀ ತನ್ನ ಭಾರದಿಂದ, ಪಂಪಿಲ್ಲ. ವ್ಯಾನ್ ವಾಲಿಕೊಂಡು ನಿಂತರೆ ಹರಿವು ನಿಂತು, ಕಾಯುವ ಕೊಳವೆ ಒಳಗೇ ಸುಟ್ಟುಹೋಗಬಹುದು. ಗಾರೆಯವರ ರಸಮಟ್ಟವನ್ನು ಫ್ರೀಜರ್ ತಟ್ಟೆಯಲ್ಲಿಟ್ಟು ನೋಡಿ, ಚಕ್ರದ ಕೆಳಗೆ ಹಲಗೆ ಕೊಡಿ. ಹಿಂದೆ ಹಳದಿ ಪುಡಿ ಕಂಡರೆ, ಮೂಗಿಗೆ ಅಮೋನಿಯಾ ಘಾಟು ಹೊಡೆದರೆ ಆ ಕ್ಷಣವೇ ಆರಿಸಿ ಬಾಗಿಲು ಕಿಟಕಿ ತೆಗೆಯಿರಿ. ಅದನ್ನು ರಿಪೇರಿ ಮಾಡಿಸುವ ಆಸೆ ಬಿಡಿ. ಓಡುವ ವ್ಯಾನಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಗ್ಯಾಸಿನ ಉರಿ ಬೇಡ ಎನ್ನುವುದನ್ನು ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಎರಡನೆಯ ಆಯ್ಕೆ: ಹೊದಿಕೆ

ಹೊದಿಕೆ ಕೇಳಲು ಸರಳ, ಕೆಡಿಸಿಕೊಳ್ಳಲು ಇನ್ನೂ ಸರಳ. ಫ್ರಿಜ್ಜಿನ ಪಕ್ಕಕ್ಕೆ ಫೋಮ್ ಶೀಟ್ ಅಂಟಿಸುವ ಮೊದಲು ಅರ್ಧ ಗಂಟೆ ಓಡಿಸಿ, ಅಂಗೈಯನ್ನು ಎಡ ಬಲ ಗೋಡೆಗಳ ಮೇಲೆ ಇಡಿ. ಬೆಚ್ಚಗಿದ್ದರೆ ಅಲ್ಲಿಗೇ ನಿಲ್ಲಿಸಿ. ಈಗಿನ ಹಲವು ಪೋರ್ಟಬಲ್ ಕಂಪ್ರೆಸರ್ ಫ್ರಿಜ್ಜುಗಳಲ್ಲಿ ಕಂಡೆನ್ಸರ್ ಕೊಳವೆ ಹೊರಗೆ ಕಾಣುವುದಿಲ್ಲ, ತಗಡಿನ ಒಳಮೈಗೆ ಅಂಟಿಕೊಂಡಿರುತ್ತದೆ. ಬಿಸಿ ಹೊರಬೀಳುವುದು ಆ ಗೋಡೆಯಿಂದಲೇ. ಅದನ್ನು ಮುಚ್ಚಿದರೆ ಫ್ರಿಜ್ ಹಾಳು. ಅದೇ ಕಾರಣಕ್ಕೆ ಅಂಥ ಫ್ರಿಜ್ಜಿನ ಗೋಡೆಗೆ ಸ್ಕ್ರೂ ಹೊಡೆಯುವುದು, ಡ್ರಿಲ್ ಮಾಡುವುದು ಬೇಡವೇ ಬೇಡ. ಕೊಳವೆ ತೂತಾಯಿತೆಂದರೆ ಮುಗಿಯಿತು. ಒಳಗಿರುವ ಗ್ಯಾಸ್ ಆರ್600ಎ ಆಗಿದ್ದರೆ ಅದು ಹೊತ್ತಿಕೊಳ್ಳುವ ಅನಿಲ ಬೇರೆ.

ಗೋಡೆ ತಣ್ಣಗಿದ್ದು ಬಿಸಿಯೆಲ್ಲ ಹಿಂದಿನಿಂದಲೇ ಹೋಗುತ್ತಿದ್ದರೆ ಹೊದಿಕೆ ಲಾಭವೇ. 25 ಮಿ.ಮೀ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಶೀಟ್ ಸಿಕ್ಕರೆ ಒಳ್ಳೆಯದು. ಥರ್ಮೋಕೋಲ್ ಸ್ವಲ್ಪ ಕಡಿಮೆ ದರ್ಜೆ, ವ್ಯಾನಿನ ಅಲುಗಾಟಕ್ಕೆ ಉದುರಿ ಬಿಳಿ ಕಾಳು ಫ್ಯಾನಿಗೆ ಸೇರುತ್ತದೆ. ಹೊಳೆಯುವ ಬಬಲ್ ಶೀಟನ್ನು ಫ್ರಿಜ್ಜಿಗೆ ಅಂಟಿಸಿದರೆ ಪ್ರಯೋಜನ ಅತ್ಯಲ್ಪ, ಅದು ಕೆಲಸ ಮಾಡಲು ಮುಂದೆ ಗಾಳಿಯ ಅಂತರ ಬೇಕು. ಅದೇ ಶೀಟನ್ನು ಫ್ರಿಜ್ ಬದಿಯ ಕಿಟಕಿಗೂ ಮುಂದಿನ ಗಾಜಿಗೂ ಹೊರಗಡೆಯಿಂದ ಕಟ್ಟಿ ನೋಡಿ. ಹಾಕುವ ಪ್ರತಿ ರೂಪಾಯಿಗೂ ಬೆಲೆ ಸಿಗುತ್ತದೆ.

ಮೂರನೆಯ ಆಯ್ಕೆ: ವೈರ್

ಕಂಪ್ರೆಸರ್ ಫ್ರಿಜ್ ಇದ್ದವರು ಗ್ಯಾಸಿನ ಮಾತು ನಂಬುವ ಮೊದಲು ಇದನ್ನು ನೋಡಲೇಬೇಕು. 12 ವೋಲ್ಟ್‌ನಲ್ಲಿ ಒಂದು ವೋಲ್ಟ್ ಕಳೆದುಹೋದರೂ ದೊಡ್ಡದೇ. ಬ್ಯಾಟರಿಯಿಂದ ಫ್ರಿಜ್ಜಿಗೆ 5 ಮೀಟರ್ ದೂರ ಅಂದುಕೊಳ್ಳಿ, ಹೋಗಿ ಬರುವ ವೈರ್ ಸೇರಿ 10 ಮೀಟರ್. 5 ಆಂಪಿಯರ್ ಹರಿಯುವಾಗ 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಸುಮಾರು 0.86 ವೋಲ್ಟ್ ನಷ್ಟ. 2.5ರ ವೈರಿನಲ್ಲಿ 0.34. 6ರ ವೈರಿನಲ್ಲಿ 0.14. ಕಂಪ್ರೆಸರ್ ಚಾಲೂ ಆಗುವ ಕ್ಷಣ ಇನ್ನೂ ಹೆಚ್ಚು ಎಳೆಯುತ್ತದೆ, ಸಿಗರೇಟ್ ಲೈಟರ್ ಸಾಕೆಟ್ಟಿನ ಸಡಿಲ ಹಿಡಿತ ಇನ್ನಷ್ಟು ನುಂಗುತ್ತದೆ. ಬ್ಯಾಟರಿ ಪೂರ್ತಿ ಇಳಿಯದಂತೆ ನೋಡಿಕೊಳ್ಳುವ ಕಟ್ ಆಫ್ ಇದನ್ನು 'ಬ್ಯಾಟರಿ ಖಾಲಿ' ಅಂದುಕೊಂಡು ಫ್ರಿಜ್ಜನ್ನು ನಿಲ್ಲಿಸುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಮೀಟರ್ ಹಿಡಿಯುವುದಾದರೆ ಫ್ರಿಜ್ಜಿನ ಪ್ಲಗ್ಗಿನ ಹತ್ತಿರವೇ, ಕಂಪ್ರೆಸರ್ ಓಡುತ್ತಿರುವಾಗಲೇ ಹಿಡಿಯಿರಿ. ಬ್ಯಾಟರಿ ತುದಿಯಲ್ಲಿ ಅಳೆದರೆ ಎಲ್ಲ ಚೆನ್ನಾಗೇ ಕಾಣುತ್ತದೆ.

6 ಚದರ ಮಿ.ಮೀ. ವೈರನ್ನು ಬ್ಯಾಟರಿಯಿಂದ ನೇರ ಎಳೆಸಿ, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿಸಿ, ವೈರಿನ ತುದಿಗೆ ಹಾಕುವ ಲಗ್ಗುಗಳನ್ನು ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ. ಇಕ್ಕಳದಲ್ಲಿ ಒತ್ತಿ ಟೇಪ್ ಸುತ್ತಿದ್ದು ಹೆದ್ದಾರಿಯ ಅಲುಗಾಟಕ್ಕೆ ನಿಲ್ಲುವುದಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರನ್ನು ತಾಮ್ರ ಅಂತಲೇ ಮಾರುವವರಿದ್ದಾರೆ. ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

ಅಬ್ಸಾರ್ಪ್ಷನ್ ಫ್ರಿಜ್ಜಿಗೂ ವೈರಿಗೂ ಬೇರೆಯೇ ಕಥೆ. ಅದರ 12 ವೋಲ್ಟ್ ಹೀಟರ್ 120–180 ವ್ಯಾಟ್. ಇಂಜಿನ್ ಓಡುವಾಗ ಮಾತ್ರ ಸರಿ. ನಿಂತಾಗ ಬ್ಯಾಟರಿಯಲ್ಲಿ ನಡೆಸಿದರೆ ಒಂದೇ ರಾತ್ರಿಗೆ ಬ್ಯಾಟರಿ ಮಲಗುತ್ತದೆ. ಎಷ್ಟು ದಪ್ಪ ವೈರ್ ಹಾಕಿದರೂ ಅದಕ್ಕೆ ಮದ್ದಿಲ್ಲ.

ಖರ್ಚಿಲ್ಲದ ಆಯ್ಕೆ

ಹತ್ತು ಲೀಟರ್ ನೀರನ್ನು 35 ಡಿಗ್ರಿಯಿಂದ 5ಕ್ಕೆ ಇಳಿಸಲು ಸುಮಾರು 350 ವ್ಯಾಟ್-ಅವರ್ ಬಿಸಿಯನ್ನು ಹೊರತೆಗೆಯಬೇಕು. ಪುಟ್ಟ ಫ್ರಿಜ್ಜಿಗೆ ಅದು ಅರ್ಧ ದಿನದ ದುಡಿಮೆ. ಅದಕ್ಕೇ ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿಗೆ ಹಾಕಿ, ಒಳಗಿಡುವುದನ್ನೆಲ್ಲ ಮನೆಯ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಯೇ ತುಂಬಿ. ಒಂದು ಕಿಲೋ ಮಂಜುಗಡ್ಡೆ ಕರಗುತ್ತ ಸುಮಾರು 93 ವ್ಯಾಟ್-ಅವರ್ ಬಿಸಿ ನುಂಗುತ್ತದೆ. ಮನೆಯ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಎರಡು ಲೀಟರಿನ ಎರಡು ಬಾಟಲಿ ಮೊದಲ ದಿನದ ಮಧ್ಯಾಹ್ನವನ್ನು ದಾಟಿಸಿಬಿಡುತ್ತವೆ. ದೋಸೆಗೆಂದು ದಾವಣಗೆರೆಯಿಂದ ಒಯ್ಯುವ ಬೆಣ್ಣೆಯನ್ನು ಬಾಗಿಲ ಕಪಾಟಿನಲ್ಲಿ ಇಡಬೇಡಿ. ಅತಿ ಬೆಚ್ಚಗಿನ ಜಾಗ ಅದೇ, ಬಾಗಿಲು ತೆಗೆದಾಗಲೆಲ್ಲ ಅಂಚು ಕರಗಿ ಕಾಗದಕ್ಕೆ ಎಣ್ಣೆ ಬಿಡುತ್ತದೆ. ಫ್ರೀಜರಿನ ಹಿಮ ಅರ್ಧ ಸೆಂಟಿಮೀಟರ್ ದಾಟಿದರೆ ಕರಗಿಸಿ, ಚಾಕು ಹಾಕಬೇಡಿ.

ಕೊನೆಯ ಆಯ್ಕೆ: ಫ್ರಿಜ್ಜನ್ನೇ ಬದಲಿಸುವುದು

ಅಬ್ಸಾರ್ಪ್ಷನ್ ಇಟ್ಟುಕೊಂಡು ವರ್ಷಪೂರ್ತಿ ಬಯಲುಸೀಮೆಯಲ್ಲೇ ಓಡಾಡುವವರಿಗೆ ನಾನು ಬದಲಿಸಿ ಎಂದೇ ಹೇಳುತ್ತೇನೆ. ತಗಡು, ಫ್ಯಾನು, ನೆರಳು ಎಲ್ಲ ಮಾಡಿದರೂ ಮಧ್ಯಾಹ್ನದ ಹೊತ್ತು ಕೆಲವೇ ಡಿಗ್ರಿ ಗೆಲ್ಲಬಹುದು. 15 ಇದ್ದದ್ದು 10 ಆದೀತು, ಹಾಲಿಗೆ ಬೇಕಾದ 5 ಆಗದು. ಚಳಿಗಾಲದಲ್ಲಿ ಮಾತ್ರ ಹೊರಡುವವರು, ಮಲೆನಾಡಿನ ಕಡೆ ಹೋಗುವವರು, ಒಂದೇ ಕಡೆ ವಾರಗಟ್ಟಲೆ ಕರೆಂಟಿಲ್ಲದೆ ನಿಲ್ಲುವವರು ಇಟ್ಟುಕೊಳ್ಳಲಿ. ಸದ್ದಿಲ್ಲದ ರಾತ್ರಿಗೆ ಅದರಷ್ಟು ಒಳ್ಳೆಯದಿಲ್ಲ. ಕಂಪ್ರೆಸರ್ ಫ್ರಿಜ್ ಈಗಾಗಲೇ ಇದ್ದರೆ ಹೊಸದು ಕೊಳ್ಳುವ ಕಾರಣ ಬಹಳ ಕಡಿಮೆ.

ಬದಲಿಸುವುದಾದರೆ ಬ್ಯಾಟರಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. 40–50 ಲೀಟರಿನ ಕಂಪ್ರೆಸರ್ ಫ್ರಿಜ್ ನಮ್ಮ ಬೇಸಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಓಡುತ್ತದೆ, ದಿನಕ್ಕೆ 600–700 ವ್ಯಾಟ್-ಅವರ್ ಬೇಕು. 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧವಷ್ಟೇ ಬಳಸಬೇಕು, ಅಂದರೆ 600. ಒಂದು ದಿನವೂ ಪೂರ್ತಿ ಬಾರದು. ಅದೇ ಅಳತೆಯ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಸಾವಿರ ಕೊಡುತ್ತದೆ. ಚಾವಣಿಯ ಮೇಲೆ 200 ವ್ಯಾಟ್ ಸೋಲಾರ್ ಹಾಕಿದರೆ ಬಿಸಿಲಿನ ದಿನ 700 ಆಸುಪಾಸು ಬರುತ್ತದೆ. ಪ್ಯಾನಲ್ ಕಾದಷ್ಟೂ ಕರೆಂಟು ಇಳಿಯುವುದರಿಂದ ಚಾವಣಿಗೆ ಅಂಟಿಸದೆ ಎರಡು ಇಂಚು ಎತ್ತಿ ಕೂರಿಸಿ. ಚಾವಣಿಗೆ ನೆರಳೂ ಆಗುತ್ತದೆ. ಆದರೆ ವ್ಯಾನನ್ನು ಹುಣಸೆಮರದ ನೆರಳಿಗೆ ನಿಲ್ಲಿಸಿದರೆ ಪ್ಯಾನಲ್ ಸುಮ್ಮನಾಗುತ್ತದೆ. ಕಂಪ್ರೆಸರ್ ಫ್ರಿಜ್ ಮತ್ತು ಲಿಥಿಯಂ ಇದ್ದರೆ ನಾನು ನೆರಳನ್ನೇ ಆರಿಸುತ್ತೇನೆ, ಬ್ಯಾಟರಿಯನ್ನು ಮರುದಿನ ಓಡಿಸುವಾಗ ಇಂಜಿನ್ನಿನ ಆಲ್ಟರ್ನೇಟರ್ ತುಂಬಿಕೊಡುತ್ತದೆ, ಅದಕ್ಕೆ ಇಂಜಿನ್ನಿನ ಕರೆಂಟನ್ನು ಈ ಬ್ಯಾಟರಿಗೆ ತಕ್ಕಂತೆ ಹೊಂದಿಸುವ ಡಿಸಿ ಟು ಡಿಸಿ ಚಾರ್ಜರ್ ಹಾಕಿಸಿರಬೇಕು.

ಮುಂಬಾಗಿಲಿನದೋ, ಪೆಟ್ಟಿಗೆಯಂತೆ ಮೇಲೆ ತೆರೆಯುವುದೋ? ತಂಪಿನ ದೃಷ್ಟಿಯಿಂದ ಪೆಟ್ಟಿಗೆಯೇ ಗೆಲ್ಲುತ್ತದೆ, ಮುಚ್ಚಳ ತೆಗೆದಾಗ ತಣ್ಣನೆ ಗಾಳಿ ಕೆಳಗೇ ಉಳಿಯುತ್ತದೆ. ಆದರೆ ಅದರ ಮೇಲೆ ಏನನ್ನೂ ಇಡುವಂತಿಲ್ಲ, ತಳದಲ್ಲಿರುವ ಕೊತ್ತಂಬರಿ ಕಟ್ಟು ಬೇಕೆಂದರೆ ಮೇಲಿನದೆಲ್ಲ ಹೊರಗೆ ಬರಬೇಕು. ಇಬ್ಬರೇ ಓಡಾಡುವ ವ್ಯಾನಿಗೆ ಪೆಟ್ಟಿಗೆ ಸಾಕು. ಮಕ್ಕಳಿರುವ ವ್ಯಾನಿನಲ್ಲಿ ಐದು ನಿಮಿಷಕ್ಕೊಮ್ಮೆ ತೆಗೆಯುವವರು ಇರುವುದರಿಂದ ಪೆಟ್ಟಿಗೆಯೇ ಸರಿ ಅನಿಸಬಹುದು, ಆದರೆ ಅಮ್ಮಂದಿರ ಮತ ಮುಂಬಾಗಿಲಿಗೆ. ಅಂಗಡಿಯಲ್ಲಿ ತಗಡಿನ ಮೇಲಿನ 'ಟಿ' ಅಕ್ಷರ ನೋಡಿ, ಗಾಳಿ ಎಳೆಯುವ ಬಾಯಿ ಯಾವ ಕಡೆ, ಉಗುಳುವ ಬಾಯಿ ಯಾವ ಕಡೆ ಎಂದು ಕೇಳಿ ಬರೆದುಕೊಂಡು ಬನ್ನಿ. ಬಡಗಿಯನ್ನು ಕರೆಸುವುದು ಆಮೇಲೆ.